‘ಯಾಕೆ ಬರ್ತೀರಿ?’: ಹಿರಿಯರ ಸ್ವಯಂಸೇವೆಯ ಹಿಂದಿನ ಕಾರಣವನ್ನು ಅಳೆಯುವುದು ಹೇಗೆ

ಒಂದು ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ಹಿರಿಯರು ನಿಂತಿದ್ದಾರೆ ಅಂದುಕೊಳ್ಳಿ. ನಿವೃತ್ತರಾಗಿ ಏಳು ವರ್ಷವಾಗಿದೆ. ವಾರಕ್ಕೆ ಮೂರು ದಿನ ಬರುತ್ತಾರೆ. ಎಕ್ಸ್‌ರೇ ಎಲ್ಲಿ, ರಕ್ತಪರೀಕ್ಷೆ ಎಲ್ಲಿ, ಯಾವ ಚೀಟಿಯನ್ನು ಯಾವ ಕೌಂಟರಿಗೆ ಕೊಡಬೇಕು ಅಂತ ಬಂದವರಿಗೆ ದಾರಿ ತೋರಿಸುತ್ತಾರೆ. ಸಂಬಳ ಇಲ್ಲ. ಒಂದು ದಿನ ಯಾರೋ ಕೇಳುತ್ತಾರೆ, “ಯಾಕೆ ಸಾರ್ ಬರ್ತೀರಿ?”

“ಸುಮ್ನೆ. ಮನೇಲಿ ಕೂತು ಏನ್ ಮಾಡೋದು?”

ಈ ‘ಸುಮ್ನೆ’ಯ ಒಳಗೆ ಏನೇನಿದೆ ಅಂತ ಬಿಡಿಸಿ ನೋಡುವುದನ್ನೇ ಕೆಲವು ಮನಶ್ಶಾಸ್ತ್ರಜ್ಞರು ಕಸುಬು ಮಾಡಿಕೊಂಡಿದ್ದಾರೆ. ಮನೆಯ ಬೇಸರವೂ ಇರಬಹುದು. ಇನ್ನೊಬ್ಬರ ಕಷ್ಟ ನೋಡಲಾರದೆ ಬಂದಿರಬಹುದು. ಹಳೇ ಸಹೋದ್ಯೋಗಿ ಕರೆದರು ಅಂತಲೂ ಬಂದಿರಬಹುದು. ಬಹುಶಃ ಎಲ್ಲವೂ ಸ್ವಲ್ಪ ಸ್ವಲ್ಪ ಸೇರಿರಬಹುದು. ಎಷ್ಟೆಷ್ಟು ಅನ್ನುವುದೇ ಪ್ರಶ್ನೆ.

ಈ ಪ್ರಶ್ನೆ ಈಗ ಜಾಸ್ತಿ ಕೇಳಿಬರುತ್ತಿರುವುದಕ್ಕೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2030ರ ಹೊತ್ತಿಗೆ ಜಗತ್ತಿನ ಪ್ರತಿ 6 ಜನರಲ್ಲಿ ಒಬ್ಬರು 60 ದಾಟಿದವರಾಗಿರುತ್ತಾರೆ. ವಿಶ್ವಸಂಸ್ಥೆ 2026ನ್ನು ಸುಸ್ಥಿರ ಅಭಿವೃದ್ಧಿಗಾಗಿ ಅಂತಾರಾಷ್ಟ್ರೀಯ ಸ್ವಯಂಸೇವಕರ ವರ್ಷ ಎಂದು ಘೋಷಿಸಿದೆ. ಕೈಯಲ್ಲಿ ಸಮಯ ಇರುವ, ಅನುಭವ ಇರುವ ಹಿರಿಯರನ್ನು ಎಲ್ಲ ಸಂಸ್ಥೆಗಳೂ ಕರೆಯುತ್ತಿವೆ. ಕರೆದವರು ಬರುತ್ತಾರೆ. ಆದರೆ ಆರು ತಿಂಗಳಲ್ಲಿ ಅರ್ಧ ಜನ ಕಾಣೆಯಾದರೆ ಯಾಕೆ ಹೋದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಯಾಕೆ ಬಂದಿದ್ದರು ಅಂತಲೇ ಗೊತ್ತಿರಲಿಲ್ಲವಲ್ಲ!

ಯಾವುದು ಸ್ವಯಂಸೇವೆ, ಯಾವುದು ಅಲ್ಲ

ಮೊದಲು ಪದ ಸ್ಪಷ್ಟವಾಗಲಿ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವೇದಿಕೆಯಲ್ಲಿ ಸೇರುವ ಅಂಕಿಅಂಶ ತಜ್ಞರು 2013ರಲ್ಲಿ ಒಂದು ವ್ಯಾಖ್ಯೆ ಒಪ್ಪಿಕೊಂಡರು. ಸಂಬಳವಿಲ್ಲದೆ, ಯಾರ ಒತ್ತಾಯವೂ ಇಲ್ಲದೆ, ಬೇರೆಯವರಿಗಾಗಿ ಮಾಡುವ ಕೆಲಸ ಸ್ವಯಂಸೇವೆ. ‘ಬೇರೆಯವರು’ ಅಂದರೆ ತನ್ನ ಮನೆಯವರೂ ಅಲ್ಲ, ಬೇರೆ ಮನೆಯಲ್ಲಿರುವ ನೆಂಟರೂ ಅಲ್ಲ. ಹಾಗಾಗಿ ದಿನವಿಡೀ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಯ ದುಡಿಮೆ ಈ ಲೆಕ್ಕಕ್ಕೆ ಬರುವುದಿಲ್ಲ. ಪಕ್ಕದ ಮನೆಯ ಮಗುವಿಗೆ ಒಂದು ಗಂಟೆ ಪಾಠ ಹೇಳಿಕೊಟ್ಟರೆ ಬರುತ್ತದೆ. ಅನ್ಯಾಯ ಅನ್ನಿಸಬಹುದು. ಆದರೆ ಎಲ್ಲೋ ಒಂದು ಕಡೆ ಗೆರೆ ಎಳೆಯದಿದ್ದರೆ ಲೆಕ್ಕ ಹಾಕುವುದೇ ಆಗುವುದಿಲ್ಲ.

ಎಷ್ಟು ಗಂಟೆ ಮಾಡಿದರು ಅನ್ನುವುದನ್ನು ಗಡಿಯಾರ ಹೇಳುತ್ತದೆ. ಯಾಕೆ ಮಾಡಿದರು ಅನ್ನುವುದಕ್ಕೆ ಅಂಥ ಗಡಿಯಾರ ಇಲ್ಲ.

ಕಣ್ಣಿಗೆ ಕಾಣದ್ದನ್ನು ಅಳೆಯುವುದು ಅಂದರೆ

ಜ್ವರ ಬಂದಾಗ ಥರ್ಮಾಮೀಟರ್ ಇಡುತ್ತೇವೆ. ಅದು ನೇರವಾಗಿ ಜ್ವರವನ್ನು ನೋಡುವುದಿಲ್ಲ. ಹಳೇ ಕಾಲದ ಗಾಜಿನ ಕಡ್ಡಿಯಲ್ಲಿ ಪಾದರಸ ಎಷ್ಟು ಹಿಗ್ಗಿತು ಅಂತ ನೋಡಿ ಮೈಬಿಸಿ ಎಷ್ಟಿದೆ ಅಂತ ತಿಳಿಯುತ್ತಿದ್ದೆವು. ಮನಸ್ಸಿನ ವಿಷಯವೂ ಹೀಗೇ. ಕಾರಣ ಒಳಗಿರುತ್ತದೆ. ಹೊರಗೆ ಕಾಣುವುದು ಉತ್ತರ ಮಾತ್ರ. ಉತ್ತರಗಳ ಏರಿಳಿತ ನೋಡಿ ಒಳಗಿನದ್ದನ್ನು ಊಹಿಸಬೇಕು.

ಉತ್ತರವನ್ನು ಅಂಕಿಯಾಗಿಸುವ ಸುಲಭ ದಾರಿಯನ್ನು 1932ರಲ್ಲಿ ಅಮೆರಿಕದ ರೆನ್ಸಿಸ್ ಲೈಕರ್ಟ್ ತೋರಿಸಿಕೊಟ್ಟರು. ಒಂದು ವಾಕ್ಯ ಕೊಡಿ, ಅದನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಅಂತ ಕೇಳಿ, ‘ಸ್ವಲ್ಪವೂ ಇಲ್ಲ’ದಿಂದ ‘ಪೂರ್ತಿ ಹೌದು’ವರೆಗೆ ಮೆಟ್ಟಿಲುಗಳನ್ನು ಮಾಡಿ. ಇಂದು ಆನ್‌ಲೈನಲ್ಲಿ ಏನು ಕೊಂಡರೂ ಬೆನ್ನಿಗೇ ಬರುವ ಐದು ನಕ್ಷತ್ರದ ಪ್ರಶ್ನೆ ಇದರ ದೂರದ ಮೊಮ್ಮಗು ಅನ್ನಬಹುದು.

ಒಂದೇ ವಾಕ್ಯ ಸಾಲದು. ‘ನನಗೆ ಜನರ ಬಗ್ಗೆ ಕಾಳಜಿ ಇದೆ’ ಅನ್ನುವ ವಾಕ್ಯವನ್ನು ಯಾರೋ ತಪ್ಪಾಗಿ ಓದಿಕೊಳ್ಳಬಹುದು, ಆ ಕ್ಷಣದ ಮೂಡಿಗೆ ತಕ್ಕಂತೆ ಉತ್ತರಿಸಬಹುದು. ಅದೇ ವಿಷಯವನ್ನು ನಾಲ್ಕೈದು ವಾಕ್ಯಗಳಲ್ಲಿ ಬೇರೆ ಬೇರೆ ಕಡೆಯಿಂದ ಕೇಳಿ ಸರಾಸರಿ ತೆಗೆದರೆ ಒಂದೊಂದರ ತಪ್ಪು ಇನ್ನೊಂದರಲ್ಲಿ ಕರಗಿಹೋಗುತ್ತದೆ.

ಆರು ಕಾರಣ, ಮೂವತ್ತು ವಾಕ್ಯ

ಸ್ವಯಂಸೇವೆಯ ಕಾರಣಗಳಿಗೆ ಜಗತ್ತಿನಲ್ಲಿ ತುಂಬಾ ಬಳಕೆಯಲ್ಲಿರುವ ಪ್ರಶ್ನಾವಳಿ 1998ರಲ್ಲಿ ಪ್ರಕಟವಾಯಿತು. ಗಿಲ್ ಕ್ಲಾರಿ, ಮಾರ್ಕ್ ಸ್ನೈಡರ್ ಮತ್ತು ಅವರ ಜೊತೆಗಾರರು ಮಾಡಿದ್ದು. ವಾಲಂಟಿಯರ್ ಫಂಕ್ಷನ್ಸ್ ಇನ್ವೆಂಟರಿ ಅಂತ ಹೆಸರು. ಸಂಶೋಧಕರ ಬಾಯಲ್ಲಿ ಅದು ಬರೀ ವಿಎಫ್ಐ.

ಇದರ ಹಿಂದಿನ ಯೋಚನೆ ಸರಳ. ಒಂದೇ ಕೊಡೆಯನ್ನು ಒಬ್ಬರು ಮಳೆಗೆ ಹಿಡಿಯುತ್ತಾರೆ, ಒಬ್ಬರು ಬಿಸಿಲಿಗೆ ಬಿಚ್ಚುತ್ತಾರೆ, ಇನ್ನೊಬ್ಬರು ಮಡಚಿ ಊರುಗೋಲು ಮಾಡಿಕೊಳ್ಳುತ್ತಾರೆ. ದೂರದಿಂದ ನೋಡಿದರೆ ಮೂವರ ಕೈಯಲ್ಲೂ ಇರುವುದು ಕೊಡೆಯೇ. ಸ್ವಯಂಸೇವೆಯೂ ಹಾಗೆ. ಒಂದೇ ಕೆಲಸ ಒಬ್ಬೊಬ್ಬರಿಗೆ ಒಂದೊಂದು ಉಪಯೋಗಕ್ಕೆ ಬರುತ್ತದೆ.

ವಿಎಫ್ಐ ಅಂಥ ಆರು ಉಪಯೋಗಗಳನ್ನು ಹೆಸರಿಸುತ್ತದೆ. ಒಂದೊಂದಕ್ಕೂ 5 ವಾಕ್ಯ, ಒಟ್ಟು 30. ಪ್ರತಿ ವಾಕ್ಯಕ್ಕೂ 1ರಿಂದ 7ರವರೆಗೆ ಅಂಕ. ಮೂಲದ ಹೆಸರುಗಳು ಸ್ವಲ್ಪ ಭಾರ. ಅರ್ಥಕ್ಕೆ ಹತ್ತಿರವಾಗುವ ಹೆಸರುಗಳನ್ನು ನಾನೇ ಇಟ್ಟುಕೊಂಡಿದ್ದೇನೆ.

ಮೊದಲನೆಯದು ಕಾಳಜಿ: ತನಗಿಂತ ಕಷ್ಟದಲ್ಲಿರುವವರ ಬಗ್ಗೆ ಮರುಕ, ನೆರವಾಗುವುದು ಮುಖ್ಯ ಅನ್ನುವ ನಂಬಿಕೆ. ಎರಡನೆಯದು ಕಲಿಕೆ: ಹೊಸದೇನೋ ತಿಳಿಯುತ್ತದೆ, ನಾನಾ ಥರದ ಜನರ ಜೊತೆ ಒಡನಾಡುವುದು ಗೊತ್ತಾಗುತ್ತದೆ. ಮೂರನೆಯದು ಬಳಗ: ಬೇಕಾದವರು ಮಾಡುತ್ತಾರೆ, ನಾನೂ ಮಾಡಲಿ ಅಂತ ಅವರು ಬಯಸುತ್ತಾರೆ. ನಾಲ್ಕನೆಯದು ಉದ್ಯೋಗ: ನಾಳೆ ಕೆಲಸ ಹುಡುಕುವಾಗ ಅನುಕೂಲ. ಐದನೆಯದು ಆಸರೆ: ಒಂಟಿತನ, ಚಿಂತೆ, ತಪ್ಪಿತಸ್ಥ ಭಾವನೆ ಇವುಗಳಿಂದ ಒಂದಿಷ್ಟು ಬಿಡುಗಡೆ. ಆರನೆಯದು ಹಿಗ್ಗು: ನಾನು ಬೇಕಾದವನು, ನನ್ನಿಂದ ಏನೋ ಆಗುತ್ತದೆ ಅನ್ನುವ ಖುಷಿ.

ಐದು ಮತ್ತು ಆರು ಒಂದೇ ಥರ ಕಾಣುತ್ತವೆ, ಅಲ್ವಾ? ಎರಡರಲ್ಲೂ ಮನಸ್ಸಿಗೆ ಹಿತ. ಆದರೆ ಒಂದರಲ್ಲಿ ಗಾಯದ ಉರಿ ಕಡಿಮೆಯಾಗುತ್ತದೆ, ಇನ್ನೊಂದರಲ್ಲಿ ಗಾಯವೇ ಇಲ್ಲದ ಮೈ ಇನ್ನಷ್ಟು ಹುರುಪಾಗುತ್ತದೆ. ಸಂಗಾತಿಯನ್ನು ಕಳೆದುಕೊಂಡು ಮನೆಯಲ್ಲಿ ಇರಲಾರದೆ ಬರುವವರಿಗೂ, ಜೀವನ ಚೆನ್ನಾಗಿಯೇ ಇದ್ದು ಇನ್ನೂ ಏನಾದರೂ ಮಾಡೋಣ ಅಂತ ಬರುವವರಿಗೂ ಇರುವ ವ್ಯತ್ಯಾಸ ಇದು.

ನಮ್ಮ ಆಸ್ಪತ್ರೆಯ ಹಿರಿಯರಿಗೆ ಈ ಹಾಳೆ ಕೊಟ್ಟೆವು ಅನ್ನೋಣ. ಕಾಳಜಿಯ ಐದು ವಾಕ್ಯಗಳಿಗೆ ಅವರು 7, 6, 7, 7, 6 ಹಾಕುತ್ತಾರೆ. ಒಟ್ಟು 33, ಐದರಿಂದ ಭಾಗಿಸಿದರೆ 6.6. ಬಳಗಕ್ಕೆ 4, 3, 5, 4, 4. ಸರಾಸರಿ 4. ಉದ್ಯೋಗಕ್ಕೆ 1, 1, 2, 1, 1. ಅಂದರೆ 1.2. ಹೀಗೆ ಆರು ಅಂಕಿ ಬರುತ್ತವೆ. ಆರನ್ನೂ ಪಕ್ಕಪಕ್ಕ ಇಟ್ಟರೆ ಒಂದು ಚಿತ್ರ. ಅದನ್ನು ಕೂಡಿ ಒಂದೇ ಅಂಕಿ ಮಾಡಿ ‘ಇವರ ಸೇವಾ ಮನೋಭಾವ ಇಷ್ಟು’ ಅನ್ನುವಂತಿಲ್ಲ. ಎತ್ತರ, ತೂಕ, ಚಪ್ಪಲಿ ಸೈಜು ಮೂರನ್ನೂ ಕೂಡಿದರೆ ಏನು ಬರುತ್ತೆ ಹೇಳಿ?

ಒಂದು ಡ್ರಾಯರಾ, ಎರಡಾ, ಆರಾ?

ಆರು ಅಂತ ಯಾರು ಹೇಳಿದರು? ಈ ಪ್ರಶ್ನೆಗೆ ಸಂಶೋಧಕರು ನಿಜಕ್ಕೂ ಜಗಳವಾಡಿದ್ದಾರೆ.

1981ರಲ್ಲಿ ಅಮೆರಿಕದ ರೆಡ್ ಕ್ರಾಸ್ ಸ್ವಯಂಸೇವಕರನ್ನು ಅಧ್ಯಯನ ಮಾಡಿದ ಫ್ರಿಷ್ ಮತ್ತು ಗೆರಾರ್ಡ್ ಎರಡು ಕಾರಣ ಸಾಕು ಅಂದರು. ಪರರಿಗಾಗಿ ಮಾಡುವುದು, ತನಗಾಗಿ ಮಾಡುವುದು. 1991ರಲ್ಲಿ ರಾಮ್ ಕ್ನಾನ್ ಮತ್ತು ಗೋಲ್ಡ್‌ಬರ್ಗ್-ಗ್ಲೆನ್ 28 ಕಾರಣಗಳ ಪಟ್ಟಿ ಮಾಡಿ ಕೇಳಿದರು. ಅವರ ಪ್ರಕಾರ ಒಂದೇ ಕಾರಣ. ಜನ ಪರ-ಸ್ವಂತ ಅಂತ ಬೇರೆ ಮಾಡುವುದೇ ಇಲ್ಲ, ಎಲ್ಲ ಕಲಸಿಹೋದ ಒಂದು ಒಟ್ಟು ಅನುಭವ ಅದು ಅಂದರು. ಆಮೇಲೆ ಬಂದ ವಿಎಫ್ಐ ಆರು ಅಂದಿತು.

ಯಾರು ಸರಿ ಅಂತ ತಿಳಿಯುವುದು ಹೇಗೆ? ಇಲ್ಲಿ ಬರುವುದು ಫ್ಯಾಕ್ಟರ್ ಅನಾಲಿಸಿಸ್ ಅನ್ನುವ ಲೆಕ್ಕ. ಹೆಸರು ಕೇಳಿ ಗಾಬರಿ ಬೇಡ. 1904ರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಇದರ ಬುನಾದಿ ಹಾಕಿದಾಗ ಅವರ ಮುಂದಿದ್ದದ್ದು ಶಾಲಾ ಮಕ್ಕಳ ಸಾಧನೆಯ ಲೆಕ್ಕ. ಒಂದು ವಿಷಯದಲ್ಲಿ ಮುಂದಿರುವ ಮಗು ಸಾಮಾನ್ಯವಾಗಿ ಇನ್ನೊಂದರಲ್ಲೂ ಮುಂದಿರುವುದನ್ನು ಅವರು ಗಮನಿಸಿದರು. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ ಅಂದರೆ ಎರಡರ ಹಿಂದೆಯೂ ಒಂದೇ ಏನೋ ಇರಬೇಕು, ಅಲ್ವಾ? ಅದೇ ಫ್ಯಾಕ್ಟರ್.

ಈಗ 30 ವಾಕ್ಯಗಳಿಗೆ ಬನ್ನಿ. ನೂರಾರು ಜನ ಉತ್ತರಿಸಿದ್ದಾರೆ. ‘ಒಂಟಿತನ ಕಡಿಮೆಯಾಗುತ್ತದೆ’ಗೆ 6 ಹಾಕಿದವರು ‘ನನ್ನ ಕಷ್ಟ ಮರೆಯುತ್ತೇನೆ’ಗೂ 6ರ ಆಸುಪಾಸು ಹಾಕುತ್ತಾರಾ? ಹಾಗಿದ್ದರೆ ಎರಡನ್ನೂ ಒಂದೇ ಡ್ರಾಯರಿನಲ್ಲಿ ಇಡಬಹುದು. ಒಂದಕ್ಕೆ 6 ಹಾಕಿದವರು ‘ಕೆಲಸ ಸಿಗಲು ಅನುಕೂಲ’ಕ್ಕೆ ಏನು ಬೇಕಾದರೂ ಹಾಕುತ್ತಾರೆ ಅಂದರೆ ಅದಕ್ಕೆ ಬೇರೆ ಡ್ರಾಯರ್ ಬೇಕು.

ಸಂಶೋಧಕರು ಮುಂದೆ ಒಂದು ಹೆಜ್ಜೆ ಹೋಗಿ ಪಂದ್ಯ ಇಡುತ್ತಾರೆ. ‘ಒಂದೇ ಡ್ರಾಯರ್ ನಿಜವಾದರೆ ಉತ್ತರಗಳ ನಂಟು ಹೀಗಿರಬೇಕು. ಎರಡು ನಿಜವಾದರೆ ಹೀಗೆ. ಆರು ನಿಜವಾದರೆ ಹೀಗೆ’ ಅಂತ ಮೊದಲೇ ಬರೆದಿಟ್ಟುಕೊಂಡು, ನಿಜವಾಗಿ ಬಂದ ಉತ್ತರಗಳು ಯಾವುದಕ್ಕೆ ಹತ್ತಿರ ಅಂತ ನೋಡುತ್ತಾರೆ. ಡ್ರಾಯರ್ ಜಾಸ್ತಿಯಾದಷ್ಟೂ ಬಟ್ಟೆ ಸಲೀಸಾಗಿ ಹೊಂದುತ್ತದೆ. ಅದಕ್ಕೇ ಹೆಚ್ಚುವರಿ ಡ್ರಾಯರಿಗೆ ಒಂದಿಷ್ಟು ದಂಡ ಹಾಕುವ ಲೆಕ್ಕವೂ ಇದೆ. ಇಲ್ಲದಿದ್ದರೆ 30 ವಾಕ್ಯಕ್ಕೆ 30 ಡ್ರಾಯರ್ ಮಾಡಿಕೊಂಡು ಕೂರಬಹುದಿತ್ತು.

ಈ ಪಂದ್ಯವನ್ನು ಹಿರಿಯ ಸ್ವಯಂಸೇವಕರ ಉತ್ತರಗಳ ಮೇಲೇ ನಡೆಸಿದವರು ಮಾರಿಸ್ ಓಕನ್, ಆ್ಯಲಿಷಾ ಬಾರ್ ಮತ್ತು ರೆಗುಲಾ ಹೆರ್ಜಾಗ್. ಅದೂ 1998ರಲ್ಲೇ. ಒಂದು, ಎರಡು, ಆರು ಮೂರನ್ನೂ ಹಿರಿಯರ ಎರಡು ಬೇರೆ ಗುಂಪುಗಳ ಉತ್ತರಗಳ ಜೊತೆ ಹೋಲಿಸಿದರು. ಆರಕ್ಕೇ ಹೊಂದಿಕೆ ಚೆನ್ನಾಗಿತ್ತು.

ಇದು ಯಾಕೆ ಮುಖ್ಯ ಅಂದರೆ, ಒಂದು ವಯಸ್ಸಿನವರಿಗೆ ಹೊಲಿದ ಅಂಗಿ ಇನ್ನೊಂದು ವಯಸ್ಸಿನವರಿಗೆ ಹಿಡಿಸುತ್ತದೆ ಅಂತ ಸುಮ್ಮನೆ ನಂಬುವಂತಿಲ್ಲ. ವಿಎಫ್ಐ ಕಟ್ಟುವಾಗ ಉತ್ತರಿಸಿದವರಲ್ಲಿ ಕಾಲೇಜು ಹುಡುಗ ಹುಡುಗಿಯರೂ ಬಹಳ ಮಂದಿ ಇದ್ದರು. ಇಪ್ಪತ್ತರ ತಲೆಯಲ್ಲಿ ಬೇರೆ ಬೇರೆಯಾಗಿ ಕಾಣುವ ಕಾರಣಗಳು ಎಪ್ಪತ್ತರ ತಲೆಯಲ್ಲಿ ಸೇರಿಹೋಗಿರಬಹುದಿತ್ತು. ಪರೀಕ್ಷೆ ಮಾಡಿ ನೋಡಿದ ಮೇಲೆ, ಹಾಗೇನೂ ಆಗಿಲ್ಲ ಅಂತ ಗೊತ್ತಾಯಿತು.

ಅಳತೆಕೋಲನ್ನೇ ಅಳೆಯುವುದು

ತಕ್ಕಡಿ ಸರಿ ಇದೆಯಾ ಅಂತ ನೋಡುವುದಕ್ಕೆ ಎರಡು ಪರೀಕ್ಷೆ ಇವೆ. ಅದೇ ಕಲ್ಲನ್ನು ಮತ್ತೆ ಇಟ್ಟರೆ ಅದೇ ತೂಕ ತೋರಿಸಬೇಕು. ಮತ್ತೆ, ತೋರಿಸುವುದು ನಿಜವಾದ ತೂಕವೇ ಆಗಿರಬೇಕು. ಮೊದಲನೆಯದು ನಂಬಿಕೆ, ಎರಡನೆಯದು ಸರಿಯುತ್ತರ. ಪ್ರತಿಸಲವೂ ಅರ್ಧ ಕಿಲೋ ಜಾಸ್ತಿ ತೋರಿಸುವ ತಕ್ಕಡಿ ಮೊದಲನೆಯದರಲ್ಲಿ ಪಾಸು, ಎರಡನೆಯದರಲ್ಲಿ ಫೇಲು.

ಪ್ರಶ್ನಾವಳಿಗೂ ಹೀಗೇ ಮಾಡುತ್ತಾರೆ. ಒಂದು ತಿಂಗಳು ಬಿಟ್ಟು ಅದೇ ಜನರಿಗೆ ಅದೇ ಹಾಳೆ ಕೊಡುತ್ತಾರೆ. ನಂಬಿಕೆಯನ್ನೇ ನೋಡುವ ಇನ್ನೊಂದು ಪರೀಕ್ಷೆ ಕ್ರೋನ್‌ಬಾಕ್ ಆಲ್ಫಾ. ಲೀ ಕ್ರೋನ್‌ಬಾಕ್ 1951ರಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಒಂದೇ ಕಾರಣದ ಐದು ವಾಕ್ಯಗಳು ಒಂದೇ ಶ್ರುತಿಯಲ್ಲಿ ಹಾಡುತ್ತಿವೆಯಾ ಅಂತ ಇದು ಹೇಳುತ್ತದೆ. ಸಾಮಾನ್ಯವಾಗಿ 0ರಿಂದ 1ರ ನಡುವೆ ಬರುತ್ತದೆ, 0.7 ದಾಟಿದರೆ ಸಾಕು ಅನ್ನುವುದು ರೂಢಿ. ಆದರೆ ಇದನ್ನು ಮೋಸ ಮಾಡುವುದು ಸುಲಭ. ಒಂದೇ ವಾಕ್ಯವನ್ನು ಐದು ಥರ ತಿರುಚಿ ಬರೆದರೆ ಆಲ್ಫಾ ಆಕಾಶಕ್ಕೇರುತ್ತದೆ, ಹೊಸದಾಗಿ ತಿಳಿಯುವುದು ಮಾತ್ರ ಏನೂ ಇರುವುದಿಲ್ಲ. ವರದಿಗಳಲ್ಲಿ ದೊಡ್ಡ ಆಲ್ಫಾ ನೋಡಿದಾಗ ನಾನು ಮೊದಲು ವಾಕ್ಯಗಳನ್ನು ಓದುತ್ತೇನೆ.

ಹೆಸರು ನೋಡಿ ಮೋಸ ಹೋಗಬೇಡಿ

ವಾಕ್ಯಗಳನ್ನು ಓದುವುದು ಎಷ್ಟು ಮುಖ್ಯ ಅನ್ನುವುದಕ್ಕೆ ವಿಎಫ್ಐಯಲ್ಲೇ ಒಂದು ಉದಾಹರಣೆ ಇದೆ.

ಮೂರನೆಯ ಕಾರಣದ ಮೂಲ ಹೆಸರು ‘ಸೋಶಿಯಲ್’. ಹೆಸರು ಕೇಳಿದರೆ ಏನನ್ನಿಸುತ್ತೆ? ನಾಲ್ಕು ಜನರ ಜೊತೆ ಬೆರೆಯುವುದು, ಹರಟೆ, ಸ್ನೇಹ. ಆದರೆ ಆ ಐದು ವಾಕ್ಯಗಳಲ್ಲಿ ಸ್ನೇಹ ಮಾಡಿಕೊಳ್ಳುವ ಮಾತೇ ಇಲ್ಲ. ‘ನನ್ನ ಸ್ನೇಹಿತರು ಸ್ವಯಂಸೇವೆ ಮಾಡುತ್ತಾರೆ’, ‘ನನಗೆ ಹತ್ತಿರದವರು ನಾನು ಮಾಡಲಿ ಅಂತ ಬಯಸುತ್ತಾರೆ’ ಈ ಥರದವು. ಅಂದರೆ ಸುತ್ತಲಿನವರ ಸೆಳೆತ, ಅವರ ನಿರೀಕ್ಷೆ. ‘ಹೊಸ ಸ್ನೇಹಿತರನ್ನು ಮಾಡಿಕೊಳ್ಳಲು ಇದೊಂದು ದಾರಿ’ ಅನ್ನುವ ವಾಕ್ಯ ಇದೆ. ಅದು ಕೂತಿರುವುದು ಆರನೆಯ ಕಾರಣದಲ್ಲಿ, ನಾವು ಹಿಗ್ಗು ಅಂದೆವಲ್ಲ, ಅದರಲ್ಲಿ!

ಹಾಗಾಗಿ ‘ಹಿರಿಯರಲ್ಲಿ ಸಾಮಾಜಿಕ ಕಾರಣ ಜಾಸ್ತಿ’ ಅನ್ನುವ ಸುದ್ದಿ ಓದಿ, ಸಂಘಟಕರು ‘ಹಾಗಾದರೆ ಎಲ್ಲರನ್ನೂ ಸೇರಿಸಿ ಟೀ ಪಾರ್ಟಿ ಮಾಡೋಣ’ ಅಂದರೆ ತಪ್ಪಾಗಬಹುದು. ಆ ಅಂಕಿ ಹೇಳಿದ್ದು ಬಹುಶಃ ‘ಅವರ ಗೆಳೆಯರ ಮೂಲಕ ಕರೆಸಿ’ ಅಂತ.

ಕನ್ನಡಕ್ಕೆ ತರುವಾಗ ಇನ್ನೊಂದು ತೊಡಕು. ಮೂಲದಲ್ಲಿ ‘ಸೆಲ್ಫ್ ಎಸ್ಟೀಮ್ ಹೆಚ್ಚುತ್ತದೆ’ ಅಂತಿದೆ. ಅದನ್ನು ‘ಸ್ವಾಭಿಮಾನ’ ಅಂದರೆ ಯಾರ ಹಂಗಿಗೂ ಬೀಳದ, ತಲೆಬಾಗದ ಗುಣ ಅಂತ ನಮ್ಮವರು ಓದಿಕೊಳ್ಳುತ್ತಾರೆ. ‘ಹೆಮ್ಮೆ’ ಅಂದರೆ ಜಂಬದ ವಾಸನೆ ಬರುತ್ತದೆ, ಹಿರಿಯರು 2 ಹಾಕಿ ಮುಂದೆ ಹೋಗುತ್ತಾರೆ. ‘ನನ್ನ ಬಗ್ಗೆ ನನಗೇ ಒಳ್ಳೆಯದನ್ನಿಸುತ್ತದೆ’ ಅಂತ ಬಿಡಿಸಿ ಬರೆದರೆ ಪರವಾಗಿಲ್ಲ. ಇಂಥದ್ದನ್ನು ಹಿಡಿಯಲು ಒಬ್ಬರು ಅನುವಾದಿಸಿದ್ದನ್ನು ಮೂಲ ನೋಡದ ಇನ್ನೊಬ್ಬರು ವಾಪಸ್ ಮೂಲ ಭಾಷೆಗೆ ತರುತ್ತಾರೆ. ಎರಡೂ ಕೂಡಿದರೆ ಸರಿ, ಇಲ್ಲದಿದ್ದರೆ ಮತ್ತೆ ಮೊದಲಿಂದ.

ಪೆನ್ನು ನಿಂತ ಜಾಗ

ಆಸ್ಪತ್ರೆಯ ಹಿರಿಯರು ಇನ್ನೂ ಹಾಳೆ ತುಂಬುತ್ತಿದ್ದಾರೆ. ಕನ್ನಡಕ ಮೂಗಿನ ತುದಿಗೆ ಜಾರಿದೆ. ಪಕ್ಕದಲ್ಲಿ ಮಗಳು ಕೂತಿದ್ದಾಳೆ, ಅಪ್ಪನಿಗೆ ಅಕ್ಷರ ಸಣ್ಣದಾಯಿತೇನೋ ಅಂತ ಬಗ್ಗಿ ನೋಡುತ್ತಿದ್ದಾಳೆ. ಒಂಟಿತನದ ವಾಕ್ಯ ಬಂತು. ಪೆನ್ನು ನಿಂತಿತು. ಹೆಂಡತಿ ಹೋಗಿ ಎರಡು ವರ್ಷ. 6ರ ಹತ್ತಿರ ಹೋದ ಪೆನ್ನು ವಾಪಸ್ ಬಂದು 2ಕ್ಕೆ ಸುತ್ತು ಹಾಕಿತು. ಮಗಳ ಎದುರಿಗೆ ‘ನಾನು ಒಂಟಿ’ ಅಂತ ಬರೆಯುವುದು ಹೇಗೆ?

ಅವರು ಸುಳ್ಳು ಹೇಳಿದರು ಅನ್ನಲು ನನಗೆ ಮನಸ್ಸಿಲ್ಲ. ಆದರೆ ಅಂಕಿ ತಪ್ಪಾಯಿತು. ಇದರ ಇನ್ನೊಂದು ಮುಖ ಕಾಳಜಿಯ ವಾಕ್ಯಗಳಲ್ಲಿ ಕಾಣುತ್ತದೆ. ‘ಬೇರೆಯವರ ಕಷ್ಟದ ಬಗ್ಗೆ ನನಗೆ ಕಾಳಜಿ ಇದೆ’ ಅನ್ನುವುದಕ್ಕೆ 1 ಹಾಕುವ ಧೈರ್ಯ ಯಾರಿಗಿದೆ? ಬಹುತೇಕ ಎಲ್ಲ ಅಧ್ಯಯನಗಳಲ್ಲೂ ಕಾಳಜಿಗೇ ಮೊದಲ ಸ್ಥಾನ. ಎಲ್ಲರೂ 6, 7 ಹಾಕಿದಾಗ ಯಾರಿಗೆ ನಿಜಕ್ಕೂ ಜಾಸ್ತಿ ಅಂತ ಗುರುತಿಸುವುದೇ ಕಷ್ಟ. ತಲೆ ಸೂರಿಗೆ ತಾಗುವ ಕೋಣೆಯಲ್ಲಿ ಎತ್ತರ ಅಳೆದ ಹಾಗೆ.

ಒಳ್ಳೆಯವರಂತೆ ಕಾಣಿಸಿಕೊಳ್ಳುವ ಈ ಒಲವನ್ನೇ ಅಳೆಯಲು 1960ರಲ್ಲಿ ಕ್ರೌನ್ ಮತ್ತು ಮಾರ್ಲೋ 33 ವಾಕ್ಯಗಳ ಬೇರೊಂದು ಪ್ರಶ್ನಾವಳಿ ಮಾಡಿದರು. ಯಾರೂ ಪೂರ್ತಿಯಾಗಿ ಪಾಲಿಸಲಾರದ ಒಳ್ಳೆಯ ನಡತೆಗಳನ್ನು ಅದರಲ್ಲಿ ಕೇಳುತ್ತಾರೆ. ಎಲ್ಲದಕ್ಕೂ ‘ಹೌದು, ನಾನು ಹಾಗೇ’ ಅಂದವರ ಬೇರೆ ಉತ್ತರಗಳನ್ನೂ ಸ್ವಲ್ಪ ಉಪ್ಪುಖಾರ ಕಳೆದು ನೋಡಬೇಕು.

ಸುಲಭ ಉಪಾಯಗಳೂ ಇವೆ. ಹೆಸರು ಬರೆಸಬಾರದು. ಹಾಳೆಯನ್ನು ಆ ಸಂಸ್ಥೆಯ ಮುಖ್ಯಸ್ಥರ ಕೈಗೆ ಕೊಡಿಸಬಾರದು. ಮನೆಯವರು ಪಕ್ಕದಲ್ಲಿ ಕೂರದಿದ್ದರೆ ಒಳ್ಳೆಯದು. ಓದಲು ಕಷ್ಟವಾಗುವವರಿಗೆ ಹೊರಗಿನವರು ಓದಿ ಹೇಳಬಹುದು. ಅಕ್ಷರ ದೊಡ್ಡದಿರಲಿ. 1ರಿಂದ 7 ಅಂತ ಬರೀ ಅಂಕಿ ಕೊಡುವ ಬದಲು ಅಂಕಿಯ ಕೆಳಗೆ ಮಾತಿನಲ್ಲೂ ಬರೆದರೆ ಗೊಂದಲ ಕಡಿಮೆ.

ಇನ್ನೊಂದು ಉಪಾಯ ಲೆಕ್ಕದ್ದು, ನನಗೆ ಇದು ಬಹಳ ಇಷ್ಟ. ಕೆಲವರು ಎಲ್ಲದಕ್ಕೂ ಧಾರಾಳವಾಗಿ ಅಂಕ ಕೊಡುತ್ತಾರೆ, ಕೆಲವರದು ಬಿಗಿ ಕೈ. ಒಬ್ಬರ ಒಟ್ಟು ಸರಾಸರಿ 6.5, ಕಾಳಜಿಗೆ 6.8. ಇನ್ನೊಬ್ಬರ ಒಟ್ಟು ಸರಾಸರಿ 2.5, ಕಾಳಜಿಗೆ 4.5. ಮೇಲ್ನೋಟಕ್ಕೆ ಮೊದಲನೆಯವರೇ ದೊಡ್ಡ ಕರುಣಾಳು. ಅವರವರ ಸರಾಸರಿಯನ್ನು ಕಳೆದು ನೋಡಿ. ಮೊದಲನೆಯವರಿಗೆ ಉಳಿಯುವುದು 0.3, ಎರಡನೆಯವರಿಗೆ 2. ಕಾಳಜಿ ಎದ್ದು ಕಾಣುವುದು ಎರಡನೆಯವರಲ್ಲೇ.

ವಯಸ್ಸಾದಂತೆ ಕಾರಣ ಬದಲಾಗುತ್ತದಾ?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್ ಅವರದ್ದೊಂದು ಹೆಸರಾದ ಸಿದ್ಧಾಂತ ಇದೆ. ಮುಂದೆ ತುಂಬಾ ಸಮಯವಿದೆ ಅನ್ನಿಸಿದಾಗ ಮನುಷ್ಯ ಕಲಿಯುವುದಕ್ಕೆ, ಸಂಪರ್ಕ ಬೆಳೆಸುವುದಕ್ಕೆ ಓಡಾಡುತ್ತಾನೆ. ಉಳಿದಿರುವ ಸಮಯ ಕಡಿಮೆ ಅನ್ನಿಸತೊಡಗಿದಾಗ ಮನಸ್ಸಿಗೆ ಹತ್ತಿರವಾದ ಜನ, ಅರ್ಥ ಇರುವ ಕೆಲಸ ಇವೇ ಮುಖ್ಯವಾಗುತ್ತವೆ. ಇದು ಸ್ವಯಂಸೇವೆಗೂ ಹೊಂದುತ್ತದಾ ಅಂತ 2003ರಲ್ಲಿ ಓಕನ್ ಮತ್ತು ಶುಲ್ಟ್ಸ್ ನೋಡಿದರು. ಬಡವರಿಗೆ ಮನೆ ಕಟ್ಟಿಕೊಡುವ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿಯ 523 ಸ್ವಯಂಸೇವಕರು ವಿಎಫ್ಐ ತುಂಬಿದರು.

ವಯಸ್ಸು ಏರಿದಂತೆ ಉದ್ಯೋಗ ಮತ್ತು ಕಲಿಕೆ ಇಳಿದವು. ಬಳಗ ಏರಿತು. ಇಷ್ಟು ನಿರೀಕ್ಷೆಯಂತೆಯೇ ಬಂತು. ಆದರೆ ಕಾಳಜಿ, ಆಸರೆ, ಹಿಗ್ಗು ಮೂರಕ್ಕೂ ವಯಸ್ಸಿಗೂ ನಂಟೇ ಕಾಣಲಿಲ್ಲ. ವಯಸ್ಸಾದವರು ತಾವಾಗಿಯೇ ಹೆಚ್ಚು ಕರುಣಾಮಯಿಗಳಾಗುತ್ತಾರೆ ಅನ್ನುವ ನಂಬಿಕೆಗೆ ಇಲ್ಲಿ ಬಲ ಸಿಗಲಿಲ್ಲ.

ಇಂಥ ಫಲಿತಾಂಶ ಓದುವಾಗ ಎರಡು ವಿಷಯ ನೆನಪಿರಲಿ. ಇಲ್ಲಿ ಒಬ್ಬರೇ ವ್ಯಕ್ತಿಯನ್ನು ಮೂವತ್ತರಿಂದ ಎಪ್ಪತ್ತರವರೆಗೆ ಹಿಂಬಾಲಿಸಿಲ್ಲ. ಒಂದೇ ಸಮಯದಲ್ಲಿ ಬೇರೆ ಬೇರೆ ವಯಸ್ಸಿನವರನ್ನು ಕೇಳಿದ್ದಾರೆ. ವ್ಯತ್ಯಾಸ ವಯಸ್ಸಿನದ್ದೋ, ಆ ತಲೆಮಾರು ಬೆಳೆದ ಕಾಲದ್ದೋ ಅಂತ ಬೇರ್ಪಡಿಸಲಾಗದು. ಮತ್ತೆ, ಉತ್ತರಿಸಿದವರೆಲ್ಲ ಈಗಲೂ ಸ್ವಯಂಸೇವೆಯಲ್ಲಿ ಇರುವವರು. ಬಂದು ಬೇಸತ್ತು ಹೋದವರ ಹಾಳೆ ಆ ಕಟ್ಟಿನಲ್ಲಿ ಇಲ್ಲ.

ಉದ್ಯೋಗದ ಐದು ವಾಕ್ಯಗಳನ್ನು ಹಿರಿಯರಿಗೆ ಕೇಳುವುದೇ ದಂಡ ಅಂತ ಕೆಲವರು ಕೈಬಿಡುತ್ತಾರೆ. ನನಗೆ ಅದು ಅವಸರ ಅನ್ನಿಸುತ್ತದೆ. ಅರವತ್ತರ ಮೇಲೂ ಮತ್ತೊಂದು ಕೆಲಸ ಹುಡುಕುವವರು ಇದ್ದಾರೆ. ಅವರು ಕಡಿಮೆ ಇರಬಹುದು, ಆದರೆ ಕೇಳದಿದ್ದರೆ ಇದ್ದಾರೋ ಇಲ್ಲವೋ ಅಂತಲೂ ಗೊತ್ತಾಗುವುದಿಲ್ಲ.

ಈ ಅಂಕಿಗಳು ಯಾವ ಕೆಲಸಕ್ಕೆ ಬರುತ್ತವೆ

ಮೊದಲ ಉಪಯೋಗ ಹೊಂದಿಸುವುದು. ಕ್ಲಾರಿ ಮತ್ತು ಜೊತೆಗಾರರ 1998ರ ಅದೇ ಲೇಖನದಲ್ಲಿ ಆಸ್ಪತ್ರೆಯ ಹಿರಿಯ ಸ್ವಯಂಸೇವಕರ ಮೇಲಿನ ಒಂದು ಅಧ್ಯಯನವೂ ಇದೆ. ಯಾವ ಕಾರಣಕ್ಕೆ ಬಂದಿದ್ದರೋ ಅದೇ ಥರದ ಲಾಭ ಸಿಕ್ಕವರಿಗೆ ತೃಪ್ತಿ ಜಾಸ್ತಿ ಇತ್ತು. ಕಲಿಯಲು ಬಂದವರನ್ನು ದಿನವಿಡೀ ಲಕೋಟೆ ಅಂಟಿಸಲು ಕೂರಿಸಿದರೆ ಅವರು ಹೋಗುತ್ತಾರೆ. ಮನೆಯ ಮೌನದಿಂದ ತಪ್ಪಿಸಿಕೊಳ್ಳಲು ಬಂದವರಿಗೆ ನಾಲ್ಕು ಜನರ ಜೊತೆ ಮಾತಾಡುತ್ತಾ ಲಕೋಟೆ ಅಂಟಿಸುವುದೇ ಹಬ್ಬವಾಗಬಹುದು. ಕೆಲಸ ಅದೇ, ಲಕೋಟೆಯೂ ಅದೇ.

ಎರಡನೆಯದು ಆರೋಗ್ಯದ ಪ್ರಶ್ನೆ, ಇದು ಸುದ್ದಿಗಳಲ್ಲಿ ತುಂಬಾ ಓಡಾಡಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1957ರಲ್ಲಿ ಹೈಸ್ಕೂಲ್ ಮುಗಿಸಿದವರನ್ನು ದಶಕಗಳ ಕಾಲ ಹಿಂಬಾಲಿಸಿದ ದೊಡ್ಡ ಅಧ್ಯಯನ ಒಂದಿದೆ. ಸಾರಾ ಕೊನ್ರಾತ್ ಮತ್ತು ಜೊತೆಗಾರರು ಅದರ ಮಾಹಿತಿ ಬಳಸಿ 2012ರಲ್ಲಿ ಬರೆದರು: ಪರರಿಗಾಗಿ ಸ್ವಯಂಸೇವೆ ಮಾಡುತ್ತೇವೆ ಅಂದ ಹಿರಿಯರಲ್ಲಿ ಮುಂದಿನ ನಾಲ್ಕು ವರ್ಷಗಳಲ್ಲಿ ಸಾವಿನ ಸಾಧ್ಯತೆ ಕಡಿಮೆ ಇತ್ತು. ತಮಗಾಗಿ ಮಾಡುತ್ತೇವೆ ಅಂದವರದು ಸ್ವಯಂಸೇವೆಯನ್ನೇ ಮಾಡದವರ ಮಟ್ಟದಲ್ಲೇ ಇತ್ತು.

ಇದನ್ನು ಓದಿ ‘ನಿಸ್ವಾರ್ಥಿಗಳಿಗೆ ಆಯುಷ್ಯ ಜಾಸ್ತಿ’ ಅಂತ ಶೀರ್ಷಿಕೆ ಕೊಡುವುದು ಸುಲಭ. ಆರೋಗ್ಯ, ಸ್ಥಿತಿಗತಿ ಇಂಥವುಗಳ ಪ್ರಭಾವವನ್ನು ಲೆಕ್ಕದಲ್ಲಿ ಕಳೆದು ನೋಡಿದ್ದಾರೆ, ನಿಜ. ಆದರೂ ಇದು ಪ್ರಯೋಗ ಅಲ್ಲ. ಯಾರಿಗೂ ಕಾರಣವನ್ನು ಲಾಟರಿ ಎತ್ತಿ ಹಂಚಲು ಆಗುವುದಿಲ್ಲ. ಮೊದಲೇ ನೆಮ್ಮದಿಯಾಗಿರುವವರಿಗೆ ಪರರ ಬಗ್ಗೆ ಯೋಚಿಸಲು ಬಿಡುವು ಇರುತ್ತದೆ, ತಮ್ಮ ನೋವಿನಲ್ಲಿರುವವರು ಆಸರೆ ಹುಡುಕಿ ಬರುತ್ತಾರೆ. ಹಾಗಿದ್ದರೆ ಆಯುಷ್ಯದ ವ್ಯತ್ಯಾಸ ಕಾರಣದಿಂದ ಬಂತೋ, ಹಿಂದಿದ್ದ ನೋವಿನಿಂದ ಬಂತೋ?

ಇನ್ನೊಂದು ಅಧ್ಯಯನ ಪಕ್ಕಕ್ಕಿಟ್ಟರೆ ಚಿತ್ರ ಮತ್ತಷ್ಟು ಗೋಜಲಾಗುತ್ತದೆ. ಏಡ್ಸ್ ರೋಗಿಗಳಿಗೆ ನೆರವಾಗುತ್ತಿದ್ದ ಸ್ವಯಂಸೇವಕರನ್ನು ಅಲೆನ್ ಒಮೊಟೊ ಮತ್ತು ಮಾರ್ಕ್ ಸ್ನೈಡರ್ ಎರಡೂವರೆ ವರ್ಷ ಗಮನಿಸಿ 1995ರಲ್ಲಿ ವರದಿ ಮಾಡಿದರು. ಅದು ಹಿರಿಯರ ಮೇಲೆ ಮಾಡಿದ್ದಲ್ಲ. ಅಲ್ಲಿ ಹೆಚ್ಚು ಕಾಲ ಉಳಿದವರು ಕಲಿಕೆ, ಸ್ವಂತ ಬೆಳವಣಿಗೆ ಇಂಥ ತಮ್ಮದೇ ಕಾರಣ ಹೇಳಿದವರು. ಒಂದು ಕಡೆ ಪರರಿಗಾಗಿ ಬಂದವರು ಹೆಚ್ಚು ಬದುಕಿದರು, ಇನ್ನೊಂದು ಕಡೆ ತಮಗಾಗಿ ಬಂದವರು ಹೆಚ್ಚು ಕಾಲ ಸೇವೆ ಮಾಡಿದರು. ಸಂಘಟಕರು ಯಾರನ್ನು ಹುಡುಕಬೇಕು ಹೇಳಿ?

ಹುಡುಕುವ ಬದಲು ಇರುವವರನ್ನು ಎರಡು ಸಲ ಕೇಳಬಹುದು: ಬಂದ ವಾರದಲ್ಲಿ ಒಮ್ಮೆ, ಆರು ತಿಂಗಳ ಮೇಲೆ ಇನ್ನೊಮ್ಮೆ. ಬರುವಂತೆ ಮಾಡಿದ ಕಾರಣವೂ ಉಳಿಯುವಂತೆ ಮಾಡುವ ಕಾರಣವೂ ಒಂದೇ ಇರಬೇಕಾಗಿಲ್ಲ. ಗೆಳೆಯ ಕರೆದ ಅಂತ ಬಂದವರು, ಆ ಗೆಳೆಯ ಬಿಟ್ಟ ಮೇಲೂ ಬರುತ್ತಿರುತ್ತಾರೆ. ವರ್ಷಗಳ ನಂತರ ‘ಆಗ ಯಾಕೆ ಬಂದಿರಿ?’ ಅಂತ ಕೇಳಿದರೆ ಈಗಿನ ಕಾರಣವನ್ನೇ ಆಗಿನದ್ದು ಅಂತ ಹೇಳಿಬಿಡುತ್ತಾರೆ. ನೆನಪು ಹಾಗೇ ಕೆಲಸ ಮಾಡುತ್ತದೆ. ಬಿಟ್ಟು ಹೋದವರಿಗೂ ಒಂದು ಹಾಳೆ ಕಳಿಸಬೇಕು. ಮರಳಿ ಬರುವುದು ಕೆಲವೇ ಇರಬಹುದು, ಆದರೆ ಉಳಿದವರ ನೂರು ಹಾಳೆ ಹೇಳದ್ದನ್ನು ಅವು ಹೇಳುತ್ತವೆ.

ಮತ್ತೆ, ಮೂವತ್ತು ವಾಕ್ಯ ಮುಗಿದ ಮೇಲೆ ಹಾಳೆಯ ಕೊನೆಯಲ್ಲಿ ಎರಡು ಗೆರೆ ಖಾಲಿ ಬಿಡಿ. ‘ಬೇರೆ ಕಾರಣ ಇದ್ದರೆ ಬರೆಯಿರಿ.’ ಆಸ್ಪತ್ರೆಯ ಹಿರಿಯರು ಅಲ್ಲಿ ಬರೆಯುತ್ತಾರೆ: “ಅವಳು ಕೊನೇ ಮೂರು ತಿಂಗಳು ಇಲ್ಲೇ ಇದ್ದಳು. ಆಗ ನಮಗೆ ಕೌಂಟರ್ ಎಲ್ಲಿ ಅಂತ ಹೇಳೋರು ಯಾರೂ ಇರಲಿಲ್ಲ.”